ಉಳಿದ ವ್ಯತ್ಯಾಸವನ್ನು ಅಳಿಸಬೇಡ್ರಿ



ಕೆಲವು ದಿನಗಳ ಹಿಂದೆ ಒಂಬತ್ತನೇ ಇಯತ್ತೆಯ ಜರ್ನಲ್ ತಪಾಸಣೆ ಮಾಡ್ತಾ ಕೂತಿದ್ದೆ. ಲೋಲಕದ ಪ್ರಯೋಗ. ದಾರಕ್ಕೆ ಒಂದು ದುಂಡು ಕಲ್ಲು ಕಟ್ಟಿ, ಕಿಟಕಿಯ ಸರಳಿಗೆ ತೂಗುಬಿಟ್ಟು, 50 ತೂಗಾಟಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದುಕೊಂಡು, ಅದರಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವುದು. ಒಂದಾದ ಮೇಲೆ ಒಂದು ವಹಿ ತೆಗೆದೆ. ಎಲ್ಲರ ಉತ್ತರವೂ 9.8. ಒಬ್ಬರದೂ 9.7 ಇಲ್ಲ, ಒಬ್ಬರದೂ 9.9 ಇಲ್ಲ. ಒಂದು ವಹಿಯಲ್ಲಿ ಮಾತ್ರ 9.8ರ ಕೆಳಗೆ ರಬ್ಬರಿನಿಂದ ತಿಕ್ಕಿದ ಗುರುತು ಕಂಡಿತು. ಬೆಳಕಿಗೆ ಹಿಡಿದು ನೋಡಿದರೆ ಹಳೆಯ ಅಂಕಿ 9.58.

ಆ ಹುಡುಗಿಯನ್ನು ಕರೆದು ಕೇಳಿದೆ. ಹೆದರಿಕೊಂಡೇ ಹೇಳಿದಳು: "ಸರ್, ನಂದು ತಪ್ಪ ಬಂದಿತ್ತರಿ. ಪುಸ್ತಕದಾಗ 9.8 ಐತಿ, ಅದಕ್ಕ ತಿದ್ದೀನ್ರಿ."

ಅವಳಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಯಾಕಂದ್ರ ಬಿ.ಎಸ್ಸಿ. ಓದುವಾಗ ನಾನೂ ಅದನ್ನೇ ಮಾಡಿದವನು. ಮೊದಲು ಉತ್ತರ ಬರೆದು, ಆಮೇಲೆ ಅದಕ್ಕೆ ತಕ್ಕ ಹಾಗೆ ಸೆಕೆಂಡುಗಳನ್ನು ಹೊಂದಿಸಿದವನು. ಪೂರ್ತಿ ಮಾರ್ಕ್ಸ್ ಬಿದ್ದವು. ಆದರೆ ಆ ದಿನ ನಾನು ಕಲಿತದ್ದು ಏನು? ಏನೂ ಇಲ್ಲ. ಆ 9.58ರ ಕಥೆ ಏನಾಯ್ತು ಅಂತ ಕೊನೆಗೆ ಹೇಳ್ತೀನಿ. ಅದಕ್ಕೂ ಮೊದಲು, ಹೀಗೆ ಉಳಿಯುವ ಸಣ್ಣ ವ್ಯತ್ಯಾಸವನ್ನು ಅಳಿಸದೆ ಇಟ್ಟುಕೊಂಡವರಿಂದ ಜಗತ್ತಿಗೆ ಏನು ಸಿಕ್ಕಿತು ಅನ್ನೋದನ್ನ ನೋಡೋಣ ಬರ್ರಿ.

ಸ್ಟೇಷನ್ನಿನ ಬೋರ್ಡು, ಕೈಯಲ್ಲಿನ ಮೊಬೈಲು

ಒಮ್ಮೆ ಹುಡುಗರನ್ನು ಕರಕೊಂಡು ಮಿರಜ ಸ್ಟೇಷನ್ನಿಗೆ ಹೋಗಿದ್ದೆ. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡನ್ನು ನೀವೂ ನೋಡಿರ್ತೀರಿ. ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಆ ಜಾಗ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಬರೆದಿರುತ್ತದೆ. ಒಬ್ಬ ಹುಡುಗ ಮೊಬೈಲಿನಲ್ಲಿ ಜಿಪಿಎಸ್ ಆ್ಯಪ್ ತೆಗೆದ. ಅದರಲ್ಲಿ ತೋರಿಸಿದ ಎತ್ತರ ಬೋರ್ಡಿಗಿಂತ ಹತ್ತಿರ ಹತ್ತಿರ 70 ಮೀಟರ್ ಕಡಿಮೆ! "ಸರ್, ಮೊಬೈಲ್ ಕೆಟ್ಟೈತಿ" ಅಂದ ಒಬ್ಬ. "ಇಲ್ಲ, ಬೋರ್ಡೇ ಬ್ರಿಟಿಷರ ಕಾಲದ್ದು, ಅದೇ ತಪ್ಪು" ಅಂದ ಇನ್ನೊಬ್ಬ.

ಜಿಪಿಎಸ್‌ನ ಎತ್ತರ 5–10 ಮೀಟರ್ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಆದರೆ 70 ಮೀಟರ್ ಅಂದರೆ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು. ಇಷ್ಟು ದೊಡ್ಡ ತಪ್ಪು ಹೇಗೆ ಬಂತು? ನಿಜ ಹೇಳಬೇಕೆಂದರೆ ಮೊಬೈಲೂ ಸರಿ, ಬೋರ್ಡೂ ಸರಿ. ಇಬ್ಬರೂ ಎಣಿಕೆ ಶುರು ಮಾಡಿದ ಸೊನ್ನೆ ಬೇರೆ ಬೇರೆ.

ಬೋರ್ಡಿನ ಸೊನ್ನೆ ಎಂದರೆ ಸಮುದ್ರದ ಸರಾಸರಿ ಮಟ್ಟ. ಕರಾಚಿ, ಮುಂಬೈ, ಕಾರವಾರ ಮೊದಲಾದ 9 ಬಂದರುಗಳಲ್ಲಿ ಭರತ-ಇಳಿತಗಳನ್ನು ವರ್ಷಗಟ್ಟಲೆ ಅಳೆದು, ಅದರ ಆಧಾರದ ಮೇಲೆ 1909ರಲ್ಲಿ ನಮ್ಮ ದೇಶದ ಎತ್ತರಗಳ ಸೊನ್ನೆಯನ್ನು ಗೊತ್ತು ಮಾಡಿದರು. ಅಲ್ಲಿಂದ ಲೆವೆಲ್ ಯಂತ್ರ ಇಟ್ಟುಕೊಂಡು ಹಂತ ಹಂತವಾಗಿ ಒಳನಾಡಿಗೆ ಎತ್ತರಗಳನ್ನು ತಂದರು.

ಜಿಪಿಎಸ್ ಉಪಗ್ರಹಗಳಿಗೆ ಮುಂಬೈಯ ಸಮುದ್ರ ಗೊತ್ತಿಲ್ಲ. ಅವುಗಳ ಲೆಕ್ಕಕ್ಕೆ ಒಂದು ನುಣುಪಾದ ಕಾಲ್ಪನಿಕ ಭೂಮಿ ಬೇಕು. ಧ್ರುವಗಳಲ್ಲಿ ಸ್ವಲ್ಪ ಅದುಮಿದ, ಬೇರೆ ಎಲ್ಲೂ ಏರುತಗ್ಗಿಲ್ಲದ ಗೋಳ. ಇದನ್ನು ದೀರ್ಘವೃತ್ತಜ ಅಂತಾರೆ. ಅದರ ಭೂಮಧ್ಯ ತ್ರಿಜ್ಯ 6378.137 ಕಿ.ಮೀ., ಧ್ರುವ ತ್ರಿಜ್ಯ ಅದಕ್ಕಿಂತ ಸುಮಾರು 21 ಕಿ.ಮೀ. ಕಡಿಮೆ. ಮೊಬೈಲಿನ ಸೊನ್ನೆ ಈ ನುಣುಪು ಗೋಳದ ಮೇಲೆ ಇರುತ್ತದೆ.

ನಿಜವಾದ ಸಮುದ್ರ ಮಾತ್ರ ನುಣುಪಾಗಿಲ್ಲ. ಭೂಮಿಯ ಒಳಗೆ ಕಲ್ಲು ಎಲ್ಲ ಕಡೆ ಒಂದೇ ಭಾರದ್ದಲ್ಲ. ಎಲ್ಲಿ ಭಾರ ಹೆಚ್ಚೋ ಅಲ್ಲಿ ನೀರು ಎಳೆತಕ್ಕೆ ಒಟ್ಟಾಗಿ ಉಬ್ಬುತ್ತದೆ, ಎಲ್ಲಿ ಕಡಿಮೆಯೋ ಅಲ್ಲಿ ತಗ್ಗುತ್ತದೆ. ಗಾಳಿ, ಅಲೆ, ಪ್ರವಾಹ ಏನೂ ಇಲ್ಲದಿದ್ದರೆ ಸಮುದ್ರ ಯಾವ ಆಕಾರದಲ್ಲಿ ನಿಲ್ಲುತ್ತಿತ್ತೋ ಆ ಮೇಲ್ಮೈಗೆ ಜಿಯಾಯ್ಡ್ ಎಂದು ಹೆಸರು. ಅದನ್ನು ನೆಲದ ಕೆಳಗೂ ಮುಂದುವರಿಸಿ ಕಲ್ಪಿಸಿಕೊಳ್ಳಬಹುದು. ಜಗತ್ತಿನಲ್ಲೇ ಅತಿ ಆಳವಾದ ಜಿಯಾಯ್ಡ್ ತಗ್ಗು ನಮ್ಮ ಪಕ್ಕದಲ್ಲೇ, ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದೆ. ಅಲ್ಲಿ ಸಮುದ್ರ ನುಣುಪು ಗೋಳಕ್ಕಿಂತ ಸುಮಾರು 106 ಮೀಟರ್ ಕೆಳಗಿದೆ. ಆ ತಗ್ಗಿನ ಅಂಚು ಉತ್ತರಕ್ಕೆ ಇಡೀ ದಕ್ಷಿಣ ಭಾರತವನ್ನು ಹಾದು ಬರುತ್ತದೆ. ಬೆಂಗಳೂರಲ್ಲಿ ಜಿಯಾಯ್ಡ್ ಸುಮಾರು 85 ಮೀಟರ್ ಕೆಳಗೆ, ನಮ್ಮ ಕಡೆ 70ರ ಆಸುಪಾಸು, ಮುಂಬೈಯಲ್ಲಿ 65ರ ಹತ್ತಿರ. ಸೊನ್ನೆಯನ್ನು 70 ಮೀಟರ್ ಮೇಲೆ ಇಟ್ಟು ಎಣಿಸಿದರೆ ಉತ್ತರ 70 ಕಡಿಮೆ ಬರಲೇಬೇಕಲ್ಲ? ಹುಡುಗ ಕಂಡದ್ದು ಅದನ್ನೇ.

ಈ ತಗ್ಗು ಯಾಕಾಯಿತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯಿ ಘೋಷ್ 2023ರಲ್ಲಿ ಒಂದು ಉತ್ತರ ಕೊಟ್ಟಿದ್ದಾರೆ. ಕಳೆದ 14 ಕೋಟಿ ವರ್ಷಗಳಲ್ಲಿ ಭೂಖಂಡಗಳು ಸರಿದದ್ದನ್ನು ಕಂಪ್ಯೂಟರಿನಲ್ಲಿ ಮತ್ತೆ ನಡೆಸಿ ನೋಡಿದಾಗ, ಆ ಸಮುದ್ರದ ಅಡಿಯಲ್ಲಿ, ಭೂಮಿಯ ಮಧ್ಯಪದರದಲ್ಲಿ, ಬಿಸಿಯಾದ ಹಗುರ ವಸ್ತು ಬಂದು ಸೇರಿರುವುದು ಇದಕ್ಕೆ ಕಾರಣ ಎಂದು ಅವರ ಲೆಕ್ಕ ಹೇಳುತ್ತದೆ.

ಹಾಗಾದರೆ ಕೆಲವು ಮೊಬೈಲ್ ಮಾತ್ರ ಬೋರ್ಡಿಗೆ ಹೊಂದುವ ಎತ್ತರ ತೋರಿಸುತ್ತವಲ್ಲ ಅಂತ ಕೇಳಬಹುದು. ಹೌದು. ಅವುಗಳ ಒಳಗೆ ಯಾವ ಊರಲ್ಲಿ ಜಿಯಾಯ್ಡ್ ಎಷ್ಟು ಮೇಲೆ ಅಥವಾ ಕೆಳಗೆ ಎಂಬ ಕೋಷ್ಟಕ ಇರುತ್ತದೆ. ಆ ಕೋಷ್ಟಕ ಬಂದದ್ದು ಭೂಮಿಯ ಗುರುತ್ವ ಮಾದರಿಯಿಂದ. ಮಾದರಿಯಲ್ಲಿ ತಪ್ಪಿದ್ದರೆ ಎತ್ತರವೂ ತಪ್ಪು.

ನೀರಿಗೆ ಯಾವ ಸೊನ್ನೆ ಗೊತ್ತು?

"ಅದರಿಂದ ನಮಗೇನು ಸರ್?" ಅನ್ನಬಹುದು. ನಮ್ಮ ಜತ್ತ ತಾಲೂಕಿನವರು ಕೇಳಬಾರದ ಪ್ರಶ್ನೆ ಇದು. ಇಲ್ಲಿ ಬದುಕೇ ನೀರಿನ ಮೇಲೆ ನಿಂತಿದೆ. ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನು ಪಂಪಿನಿಂದ ಹಂತ ಹಂತವಾಗಿ ಎತ್ತಿ, ಕಾಲುವೆಗೆ ಬಿಟ್ಟು, ನಮ್ಮ ಕಡೆ ತರುವ ಯೋಜನೆ ನಿಮಗೆ ಗೊತ್ತೇ ಇದೆ. ಪೂರ್ವ ಭಾಗದ ಹಳ್ಳಿಗಳು ಆ ನೀರಿಗಾಗಿ ಎಷ್ಟು ವರ್ಷ ದಾರಿ ಕಾದವು ಅನ್ನೋದನ್ನ ಮನೆಯಲ್ಲಿ ಹಿರಿಯರನ್ನು ಕೇಳ್ರಿ.

ಪಂಪು ನೀರನ್ನು ಎತ್ತುತ್ತದೆ. ಆದರೆ ಕಾಲುವೆಯಲ್ಲಿ ನೀರನ್ನು ಓಡಿಸುವುದು ಗುರುತ್ವ. ದೊಡ್ಡ ಕಾಲುವೆಯ ಇಳಿಜಾರು ಬಹಳ ಕಡಿಮೆ ಇರುತ್ತದೆ, ಒಂದು ಕಿಲೋಮೀಟರಿಗೆ 10ರಿಂದ 20 ಸೆಂಟಿಮೀಟರಿನಷ್ಟು. ಅಂದರೆ ಎರಡು ಗೇಣು ದೂರ ಕೂಡ ಇಲ್ಲ. ಈಗ ಒಂದು ಲೆಕ್ಕ ಮಾಡ್ರಿ. ಮುಂಬೈಯಿಂದ ಬೆಂಗಳೂರಿಗೆ ನೇರ ದೂರ ಸುಮಾರು 850 ಕಿ.ಮೀ. ಆ ದೂರದಲ್ಲಿ ಜಿಯಾಯ್ಡ್ ನುಣುಪು ಗೋಳದಿಂದ ಇನ್ನೂ ಸುಮಾರು 20 ಮೀಟರ್ ಕೆಳಗೆ ಇಳಿಯುತ್ತದೆ. ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 2 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. 10 ಸೆಂಟಿಮೀಟರಿನ ಇಳಿಜಾರಿನಲ್ಲಿ ಇದು ಐದನೇ ಒಂದು ಪಾಲು!

ಬರೀ ಉಪಗ್ರಹದ ಎತ್ತರ ನಂಬಿ, ಗುರುತ್ವದ ತಿದ್ದುಪಡಿ ಮಾಡದೆ ಕಾಲುವೆ ತೋಡಿದರೆ ಏನಾಗುತ್ತದೆ? ಕಾಗದದ ಮೇಲೆ ಇಳಿಜಾರು ಇರುತ್ತದೆ, ನೆಲದ ಮೇಲೆ ಅಷ್ಟು ಇರುವುದಿಲ್ಲ. ನೀರಿಗೆ ದೀರ್ಘವೃತ್ತಜ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಜಿಯಾಯ್ಡ್ ಒಂದೇ. ನಮ್ಮ ಊರಿನ ಗೌಂಡಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಪಾಯ ಸಮ ಮಾಡುವಾಗ ಅವನು ಮೊಬೈಲ್ ತೆಗೆಯುವುದಿಲ್ಲ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡೂ ತುದಿ ಹಿಡಿದು ನೋಡುತ್ತಾನೆ. ಆ ಪೈಪಿನ ನೀರು ತೋರಿಸುವುದು ಗುರುತ್ವದ ಮಟ್ಟವನ್ನು.

ತೂಗುಗುಂಡು ವಾಲಿತು, ಆದರೆ ಸಾಲದಷ್ಟು

ಗೌಂಡಿಯ ಹತ್ತಿರ ಇನ್ನೊಂದು ಸಾಧನ ಇದೆ. ಗೋಡೆ ನೇರ ಐತೋ ಇಲ್ಲೋ ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು. ಅದು ನೇರ ಕೆಳಗೆ ನಿಲ್ಲುತ್ತದೆ ಅಂತ ನಾವು ನಂಬಿದ್ದೇವೆ. ಪಕ್ಕದಲ್ಲಿ ದೊಡ್ಡ ಪರ್ವತ ಇದ್ದರೆ? ಪರ್ವತವೂ ಗುಂಡನ್ನು ಸ್ವಲ್ಪ ತನ್ನ ಕಡೆ ಎಳೆಯಬೇಕು. ನ್ಯೂಟನ್ನನ ನಿಯಮ ಯಾವ ವಸ್ತುವನ್ನೂ ಬಿಡುವುದಿಲ್ಲ.

1802ರಲ್ಲಿ ಮದ್ರಾಸಿನಿಂದ ವಿಲಿಯಂ ಲ್ಯಾಂಬ್ಟನ್ ಶುರು ಮಾಡಿದ ಭಾರತದ ಮಹಾ ಸರ್ವೇಕ್ಷಣೆ ಕನ್ಯಾಕುಮಾರಿ ಕಡೆಯಿಂದ ಬೀದರ ಹತ್ತಿರದ ದಾಮರ್ಗಿಡ್ಡದ ಮೂಲಕ ಉತ್ತರಕ್ಕೆ ಸಾಗಿತು. ಲ್ಯಾಂಬ್ಟನ್ ನಂತರ ಜಾರ್ಜ್ ಎವರೆಸ್ಟ್ ಅದನ್ನು ಹಿಮಾಲಯದ ತಪ್ಪಲಿನವರೆಗೆ ಒಯ್ದರು. ಮಧ್ಯ ಭಾರತದ ಕಲ್ಯಾಣಪುರ ಮತ್ತು ಉತ್ತರದ ಕಲಿಯಾನಾ ಎಂಬ ಎರಡು ಠಾಣೆಗಳ ನಡುವೆ ಸುಮಾರು 600 ಕಿ.ಮೀ. ದೂರ. ಆ ದೂರವನ್ನು ಎರಡು ರೀತಿ ಅಳೆದರು. ನೆಲದ ಮೇಲೆ ತ್ರಿಕೋನಗಳಿಂದ ಅಳೆದದ್ದು ಒಂದು. ತೂಗುಗುಂಡಿನ ನೇರದಿಂದ ನಕ್ಷತ್ರಗಳ ಕೋನ ನೋಡಿ ಅಕ್ಷಾಂಶ ತೆಗೆದದ್ದು ಇನ್ನೊಂದು. ಎರಡು ಉತ್ತರಗಳಿಗೆ 5.236 ಕೋನ-ಸೆಕೆಂಡ್ ವ್ಯತ್ಯಾಸ ಬಂತು. ನೆಲದ ಮೇಲೆ ಅದು ಸುಮಾರು 160 ಮೀಟರ್. 600 ಕಿ.ಮೀ.ನಲ್ಲಿ 160 ಮೀಟರ್! ನಾವಾಗಿದ್ದರೆ ಅಂದೇ ರಬ್ಬರ್ ತೆಗೆಯುತ್ತಿದ್ದೆವು.

ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಪ್ರಾಟ್ ಆ ವ್ಯತ್ಯಾಸವನ್ನೇ ಹಿಡಿದು ಕೂತರು. ಹಿಮಾಲಯ ಗುಂಡನ್ನು ಎಳೆದಿರಬೇಕು ಎಂದು ಲೆಕ್ಕ ಹಾಕಿದರು. 1855ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಬಂದದ್ದು 15.885 ಸೆಕೆಂಡ್, ಬೇಕಾದದ್ದಕ್ಕಿಂತ ಮೂರು ಪಟ್ಟು. ಅಂದರೆ ಹಿಮಾಲಯ ಎಳೆಯುತ್ತಿದೆ, ಆದರೆ ಕಣ್ಣಿಗೆ ಕಾಣುವ ಗಾತ್ರಕ್ಕೆ ತಕ್ಕಷ್ಟು ಎಳೆಯುತ್ತಿಲ್ಲ. ಆ 10 ಸೆಕೆಂಡ್ ಎಲ್ಲಿ ಹೋಯಿತು? ಅದೇ ವರ್ಷ ಜಾರ್ಜ್ ಏರಿ ಉತ್ತರ ಕೊಟ್ಟರು: ಪರ್ವತಗಳ ಕೆಳಗೆ ಹಗುರ ಕಲ್ಲಿನ ಬೇರು ಇದೆ, ನೀರಿನಲ್ಲಿ ತೇಲುವ ಮರದ ದಿಮ್ಮಿಯ ಹಾಗೆ. ಭೂಮಿಯ ಒಳಗೆ ಯಾರೂ ಇಳಿದು ನೋಡಲಿಲ್ಲ. ಒಂದು ದಾರ, ಒಂದು ಗುಂಡು, ಅಳಿಸದೆ ಇಟ್ಟ ಒಂದು ವ್ಯತ್ಯಾಸ, ಇಷ್ಟರಿಂದಲೇ ಪರ್ವತದ ಬೇರು ಕಂಡಿತು.

ಪಂಚಮಿ ಜೋಕಾಲಿ ಮೇಲಿಂದ ಬಾವಿ ಅಳೆದ ಹಾಗೆ

ತೂಗುಗುಂಡು ಒಂದೇ ಜಾಗದ ಗುರುತ್ವ ಹೇಳುತ್ತದೆ. ಇಡೀ ಭೂಮಿಯ ಗುರುತ್ವ ಹೇಳುವ ಗುಂಡು ಬೇಕೆಂದರೆ ಅದು ಭೂಮಿಯನ್ನು ಸುತ್ತಬೇಕು. ಉಪಗ್ರಹ ಅಂದರೆ ಅದೇ.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿತು. ಭೂಮಿ ಒಂದೇ ಸಮನಾದ ಗೋಳ ಆಗಿದ್ದರೆ ಉಪಗ್ರಹದ ಕಕ್ಷೆಯ ತಳ ಆಕಾಶದಲ್ಲಿ ಅಲುಗದೆ ನಿಲ್ಲುತ್ತಿತ್ತು. ಆದರೆ ಭೂಮಧ್ಯದ ಉಬ್ಬು ಅದನ್ನು ಎಳೆಯುವುದರಿಂದ ಕಕ್ಷೆಯ ತಳ ನಿಧಾನವಾಗಿ ತಿರುಗುತ್ತದೆ. ಎಷ್ಟು ತಿರುಗಿತು ಎಂದು ನೋಡಿಯೇ ಭೂಮಿ ಎಷ್ಟು ಅದುಮಿದೆ ಎಂಬ ಹಳೆಯ ಲೆಕ್ಕವನ್ನು ತಿದ್ದಿದರು. ಮೊದಲು 297ರಲ್ಲಿ 1 ಪಾಲು ಅಂತಿದ್ದದ್ದು 298.3ರಲ್ಲಿ 1 ಪಾಲು ಆಯಿತು. ಮರುವರ್ಷ ಹಾರಿದ ಪುಟ್ಟ ವ್ಯಾನ್‌ಗಾರ್ಡ್ 1ರ ಕಕ್ಷೆಯಿಂದ ಉತ್ತರ ಮತ್ತು ದಕ್ಷಿಣ ಅರ್ಧಗೋಳಗಳೂ ಒಂದೇ ಸಮ ಇಲ್ಲ ಎಂದು ತಿಳಿಯಿತು. ಲೆಕ್ಕ ಹೇಳಿದ ಜಾಗಕ್ಕೂ ಉಪಗ್ರಹ ನಿಜವಾಗಿ ಇದ್ದ ಜಾಗಕ್ಕೂ ಇದ್ದ ವ್ಯತ್ಯಾಸವೇ ಇದನ್ನೆಲ್ಲ ಹೇಳಿದ್ದು.

ಭೂಮಧ್ಯದ ಆ ಉಬ್ಬನ್ನು ನಮ್ಮ ಇಸ್ರೋ ಕೆಲಸಕ್ಕೂ ಹಚ್ಚಿದೆ. 1988ರ ಐಆರ್‌ಎಸ್-1ಎ ಮತ್ತು ಅದರ ನಂತರದ ದೂರಸಂವೇದಿ ಉಪಗ್ರಹಗಳ ಕಕ್ಷೆ ದಿನಕ್ಕೆ ಸುಮಾರು 1 ಡಿಗ್ರಿ ತಿರುಗುವಂತೆ ಇಟ್ಟಿದ್ದಾರೆ. ಸೂರ್ಯನ ಜೊತೆ ಹೆಜ್ಜೆ ಹಾಕಿದಂತಾಗಿ ಅವು ದಿನಾ ಒಂದೇ ಸ್ಥಳೀಯ ವೇಳೆಗೆ ಫೋಟೋ ತೆಗೆಯುತ್ತವೆ.

ಈಗ ಎತ್ತರ ಅಳೆಯುವ ಉಪಗ್ರಹದ ವಿಷಯ. ಅದು ಕೆಳಗೆ ಸಮುದ್ರಕ್ಕೆ ರಡಾರ್ ಅಲೆ ಬಿಟ್ಟು, ಅದು ಮರಳಿ ಬರುವ ವೇಳೆ ಎಣಿಸುತ್ತದೆ. 800 ಕಿ.ಮೀ. ಮೇಲಿನಿಂದ ಬಿಟ್ಟರೆ ಹೋಗಿ ಬರಲು ಒಂದು ಸೆಕೆಂಡಿನ ಸುಮಾರು 190ನೇ ಒಂದು ಪಾಲು. ಇದರಿಂದ ಉಪಗ್ರಹಕ್ಕೂ ನೀರಿಗೂ ಇರುವ ಅಂತರ ಕೆಲವೇ ಸೆಂಟಿಮೀಟರಿನ ತಪ್ಪಿನೊಳಗೆ ಸಿಗುತ್ತದೆ. ಆದರೆ ನಮಗೆ ಬೇಕಾದದ್ದು ಸಮುದ್ರದ ಎತ್ತರ. ಉಪಗ್ರಹದ ಎತ್ತರದಿಂದ ಈ ಅಂತರವನ್ನು ಕಳೆಯಬೇಕು. ಹಾಗಾದರೆ ಉಪಗ್ರಹ ಎಷ್ಟು ಎತ್ತರದಲ್ಲಿತ್ತು?

ಬಾವಿಯ ದಂಡೆಯ ಮೇಲೆ ನಿಂತು ಹಗ್ಗ ಬಿಟ್ಟು ನೀರಿನ ಮಟ್ಟ ಅಳೆಯುವುದು ಸುಲಭ. ದಂಡೆ ಅಲುಗುವುದಿಲ್ಲ. ಅದೇ ಬಾವಿಯನ್ನು ಪಂಚಮಿ ಜೋಕಾಲಿ ಮೇಲೆ ನಿಂತು ಅಳೀರಿ ನೋಡೋಣ! ಹಗ್ಗ ಎಷ್ಟೇ ಸರಿಯಿದ್ದರೂ, ಆ ಕ್ಷಣದಲ್ಲಿ ಜೋಕಾಲಿ ಎಷ್ಟು ಮೇಲಿತ್ತು ಅನ್ನೋದು ಗೊತ್ತಿಲ್ಲದಿದ್ದರೆ ನೀರಿನ ಮಟ್ಟ ಸಿಗದು. ಉಪಗ್ರಹವೂ ಹಾಗೆಯೇ. ಭೂಮಿಯ ಒಳಗಿನ ಪ್ರತಿ ಭಾರದ ಗಂಟಿನ ಮೇಲೆ ಹಾಯುವಾಗ ಅದು ತುಸು ಏರಿಳಿಯುತ್ತದೆ. ಆ ಏರಿಳಿತವನ್ನು ಲೆಕ್ಕ ಹಾಕುವುದು ಗುರುತ್ವ ಮಾದರಿ. ಮಾದರಿಗೆ ಒಂದು ಗಂಟು ಗೊತ್ತಿಲ್ಲದಿದ್ದರೆ, ಲೆಕ್ಕ ಉಪಗ್ರಹವನ್ನು ಒಂದು ಕಡೆ ತೋರಿಸುತ್ತದೆ, ಉಪಗ್ರಹ ಇನ್ನೊಂದು ಕಡೆ ಇರುತ್ತದೆ. ಆ ತಪ್ಪು ಹಾಗೆಯೇ ಸಮುದ್ರದ ತಲೆಯ ಮೇಲೆ ಬೀಳುತ್ತದೆ. ಕಕ್ಷೆಯ ಎತ್ತರದಲ್ಲಿ 1 ಮೀಟರ್ ತಪ್ಪಿದರೆ ಸಮುದ್ರದ ಎತ್ತರವೂ 1 ಮೀಟರ್ ತಪ್ಪು.

1978ರಲ್ಲಿ ಹಾರಿದ ಅಮೆರಿಕದ ಸೀಸ್ಯಾಟ್‌ಗೆ ಇದೇ ಆಯಿತು. ಅದರ ರಡಾರ್ ಚೆನ್ನಾಗಿತ್ತು. ಆದರೆ ಮೊದಮೊದಲ ಲೆಕ್ಕಗಳಲ್ಲಿ ಅದರ ಕಕ್ಷೆಯ ಎತ್ತರದಲ್ಲೇ ಮೀಟರಿಗೂ ಹೆಚ್ಚು ಅನುಮಾನ ಉಳಿಯಿತು. ಸಮುದ್ರ ಮಟ್ಟ ಏರುತ್ತಿರುವುದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಮೀಟರಿನ ಅನುಮಾನದಲ್ಲಿ ಮಿಲಿಮೀಟರ್ ಎಲ್ಲಿ ಹುಡುಕುವುದು? ಅದಕ್ಕೇ 1992ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಕೂಡಿ ಟೋಪೆಕ್ಸ್-ಪೊಸೈಡನ್ ಕಳಿಸುವ ಮೊದಲು ಗುರುತ್ವ ಮಾದರಿ ಸುಧಾರಿಸಲು ವರ್ಷಗಟ್ಟಲೆ ದುಡಿದರು. ಗುರುತ್ವದ ಸಣ್ಣ ಏರುಪೇರು ಕಡಿಮೆ ತಟ್ಟಲಿ ಅಂತ ಅದನ್ನು 1336 ಕಿ.ಮೀ. ಎತ್ತರದಲ್ಲಿ ಇಟ್ಟರು. ಕೊನೆಗೆ ಕಕ್ಷೆಯ ತಪ್ಪು 2–3 ಸೆಂಟಿಮೀಟರಿಗೆ ಇಳಿಯಿತು. ಸಮುದ್ರ ಏರುತ್ತಿದೆ ಎಂದು ಇಂದು ಧೈರ್ಯದಿಂದ ಹೇಳಲು ಈ ಕೆಲಸವೂ ಕಾರಣ. ಇಸ್ರೋ ಮತ್ತು ಫ್ರಾನ್ಸ್ ಕೂಡಿ ಮಾಡಿದ ಸರಳ್ ಉಪಗ್ರಹವೂ ಇದೇ ಜಾತಿಯದು. 2013ರ ಫೆಬ್ರವರಿ 25ರಂದು ಪಿಎಸ್‌ಎಲ್‌ವಿ ಅದನ್ನು ಒಯ್ದಿತು.

ಇಲ್ಲಿ ಒಂದು ಸೊಗಸು ಇದೆ. ಸಮುದ್ರದ ಏರುತಗ್ಗು ಅಂದರೆ ಬಹುಪಾಲು ಜಿಯಾಯ್ಡ್. ಸಮುದ್ರ ಅಳೆದರೆ ಗುರುತ್ವ ಮಾದರಿ ಸುಧಾರಿಸುತ್ತದೆ. ಮಾದರಿ ಸುಧಾರಿಸಿದರೆ ಕಕ್ಷೆ ಸರಿಯಾಗುತ್ತದೆ. ಕಕ್ಷೆ ಸರಿಯಾದರೆ ಸಮುದ್ರವನ್ನು ಇನ್ನೂ ಚೆನ್ನಾಗಿ ಅಳೆಯಬಹುದು. ಪ್ರತಿ ಸುತ್ತಿನಲ್ಲೂ ಸ್ವಲ್ಪ ವ್ಯತ್ಯಾಸ ಉಳಿಯುತ್ತದೆ, ಮುಂದಿನ ಸುತ್ತಿಗೆ ಅದೇ ಬಂಡವಾಳ.

ನಮ್ಮ ರೇಖಾಂಶದ ಒಂದು ವಿಶೇಷ

ಭೂಪಟ ತೆಗೆದು ಜತ್ತದ ರೇಖಾಂಶ ನೋಡ್ರಿ. ಸುಮಾರು 75.2 ಡಿಗ್ರಿ ಪೂರ್ವ. ಅಲ್ಲಿಂದ ನೇರ ದಕ್ಷಿಣಕ್ಕೆ ಭೂಮಧ್ಯರೇಖೆಗೆ ಹೋಗಿ, 35,786 ಕಿ.ಮೀ. ಮೇಲೆ ಏರಿದರೆ ಸಿಗುವುದು ಭೂಸ್ಥಿರ ಉಪಗ್ರಹಗಳ ಬೀದಿ. ಭೂಮಿಯಷ್ಟೇ ವೇಗದಲ್ಲಿ ಸುತ್ತುವುದರಿಂದ ಅಲ್ಲಿನ ಉಪಗ್ರಹ ಒಂದೇ ಊರಿನ ತಲೆಯ ಮೇಲೆ ನಿಂತ ಹಾಗೆ ಕಾಣಬೇಕು ಅಂತ ಓದುತ್ತೇವೆ. ಬಿಟ್ಟರೆ ಅದು ನಿಲ್ಲುವುದಿಲ್ಲ. ಭೂಮಧ್ಯರೇಖೆಯೂ ಪೂರ್ತಿ ದುಂಡಗಿಲ್ಲ, ಅದರ ಉದ್ದ ಮತ್ತು ಗಿಡ್ಡ ತ್ರಿಜ್ಯಗಳಿಗೆ ಸುಮಾರು 70 ಮೀಟರ್ ವ್ಯತ್ಯಾಸ. ಅಷ್ಟಕ್ಕೇ ಉಪಗ್ರಹ ಮೆಲ್ಲಗೆ ಸರಿಯುತ್ತದೆ. ಇಡೀ ಬೀದಿಯಲ್ಲಿ ಅದು ನೆಲೆಯಾಗಿ ನಿಲ್ಲಬಲ್ಲ ಜಾಗ ಎರಡೇ. ಒಂದು 105 ಡಿಗ್ರಿ ಪಶ್ಚಿಮದಲ್ಲಿ. ಇನ್ನೊಂದು ಸುಮಾರು 75 ಡಿಗ್ರಿ ಪೂರ್ವದಲ್ಲಿ, ಅಂದರೆ ನಮ್ಮ ಜತ್ತದ ರೇಖಾಂಶದಲ್ಲಿ!

ಕೆಲಸ ಮುಗಿದು ಅದರ ಹತ್ತಿರ ಬಿಟ್ಟುಹೋದ ಉಪಗ್ರಹಗಳು ಈ ಜಾಗದ ಆಚೆ ಈಚೆ ಲೋಲಕದ ಹಾಗೆ ತೂಗುತ್ತಿರುತ್ತವೆ. ಒಂದು ತೂಗಾಟಕ್ಕೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕು. ಶಾಲೆಗಳಿಗಾಗಿ 2004ರಲ್ಲಿ ಹಾರಿಸಿದ ಎಜುಸ್ಯಾಟ್, ಹವಾಮಾನದ ಕಲ್ಪನಾ-1 ಎರಡೂ 74 ಡಿಗ್ರಿ ಪೂರ್ವದಲ್ಲಿ, ಈ ನೆಲೆಯ ಮಗ್ಗುಲಲ್ಲೇ ಇದ್ದವು. ಬೇರೆ ರೇಖಾಂಶದಲ್ಲಿರುವ ಉಪಗ್ರಹ ಸರಿದಾಗಲೆಲ್ಲ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರು ಅದರ ಸಣ್ಣ ರಾಕೆಟ್ ಉರಿಸಿ ಮರಳಿ ಜಾಗಕ್ಕೆ ತರುತ್ತಾರೆ. ಇಂಧನ ಮುಗಿದರೆ ಉಪಗ್ರಹದ ಆಯುಷ್ಯ ಮುಗಿಯಿತು. ಎಷ್ಟು ಸರಿಯುತ್ತದೆ ಎಂದು ಮೊದಲೇ ಹೇಳುವುದು ಮತ್ತೆ ಅದೇ ಗುರುತ್ವ ಮಾದರಿ.

ವ್ಯತ್ಯಾಸದಲ್ಲಿ ಕಂಡ ಅಂತರ್ಜಲ

2002ರ ಮಾರ್ಚ್ 17ರಂದು ಗ್ರೇಸ್ ಎಂಬ ಜೋಡಿ ಉಪಗ್ರಹ ಹಾರಿತು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿ.ಮೀ. ಮುಂದಿನದು ಭಾರದ ಜಾಗಕ್ಕೆ ಬಂದಾಗ ತುಸು ಮುಂದೆ ಎಳೆಯಲ್ಪಡುತ್ತದೆ, ಆಗ ಇಬ್ಬರ ಅಂತರ ಹೆಚ್ಚುತ್ತದೆ. ಕೂದಲಿನ ದಪ್ಪಕ್ಕಿಂತ ಕಡಿಮೆ ಬದಲಾವಣೆಯೂ ಅವಕ್ಕೆ ಗೊತ್ತಾಗುತ್ತಿತ್ತು. ಹೀಗೆ ತಿಂಗಳು ತಿಂಗಳು ಭೂಮಿಯ ಗುರುತ್ವದ ನಕ್ಷೆ ಬರೆದಾಗ ಉತ್ತರ ಭಾರತದಲ್ಲಿ ಗುರುತ್ವ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿರುವುದು ಕಂಡಿತು. ಪಂಜಾಬ್, ಹರಿಯಾಣ, ರಾಜಸ್ಥಾನಗಳಲ್ಲಿ 2002ರಿಂದ 2008ರವರೆಗೆ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲ ಖಾಲಿಯಾಗಿದೆ ಎಂದು 2009ರಲ್ಲಿ ಪ್ರಕಟಿಸಿದರು. ಬೋರ್‌ವೆಲ್ ಎತ್ತಿದ ನೀರಿನ ತೂಕ ಆಕಾಶದಿಂದ ಸಿಕ್ಕಿತು! ನಮ್ಮ ತಾಲೂಕನ್ನು ಮಾತ್ರ ಅದು ಬೇರೆಯಾಗಿ ನೋಡಲು ಆಗುತ್ತಿರಲಿಲ್ಲ. ನೂರಾರು ಕಿಲೋಮೀಟರ್ ಅಗಲದ ಪ್ರದೇಶವಷ್ಟೇ ಅದರ ಕಣ್ಣಿಗೆ ಹತ್ತುತ್ತಿತ್ತು. ನಮ್ಮ ಬಾವಿಯನ್ನು ನಾವೇ ಅಳೆಯಬೇಕು.

ನಾನು ಹೇಳಬೇಕೆಂದಿರುವುದು

ಇಷ್ಟೆಲ್ಲ ಯಾಕೆ ಹೇಳಿದೆ? ಪುಸ್ತಕದ 9.8 ಒಂದು ಒಪ್ಪಂದದ ಅಂಕಿ. ನಿಜದಲ್ಲಿ ಭೂಮಧ್ಯದಲ್ಲಿ 9.78, ಧ್ರುವದಲ್ಲಿ 9.83. ನಮ್ಮ ಜತ್ತದಲ್ಲಿ ಹತ್ತಿರ ಹತ್ತಿರ 9.78. ಅಂದರೆ ನಮ್ಮ ವಹಿಗಳಲ್ಲಿ ಎಲ್ಲರೂ ನಕಲು ಮಾಡಿದ ಉತ್ತರ ನಮ್ಮ ಊರಿನದೇ ಅಲ್ಲ.

ಕೆಲವು ಶಿಕ್ಷಕ ಬಂಧುಗಳು ಹೇಳಬಹುದು: "ಹುಡುಗರು ಪರೀಕ್ಷೆ ಬರೀಬೇಕು, ಮಾರ್ಕ್ಸ್ ಬೇಕು. 9.58 ಬರೆದವರಿಗೆ ಹೊರಗಿನ ಪರೀಕ್ಷಕರು ಮಾರ್ಕ್ಸ್ ಕೊಡ್ತಾರೇನು?" ಈ ಚಿಂತೆ ಸುಳ್ಳಲ್ಲ, ನನಗೂ ಇದೆ. ಇನ್ನೊಂದು ಮಾತನ್ನೂ ಒಪ್ಪುತ್ತೇನೆ: ಎಲ್ಲ ವ್ಯತ್ಯಾಸದ ಹಿಂದೆಯೂ ಹಿಮಾಲಯ ಇರುವುದಿಲ್ಲ. ಹೆಚ್ಚಿನ ಸಲ ಕೈತಪ್ಪೇ ಇರುತ್ತದೆ. ಒಂದು ಮೀಟರ್ ಲೋಲಕದಲ್ಲಿ 9.78ಕ್ಕೂ 9.8ಕ್ಕೂ ಇರುವ ಭೇದ 50 ತೂಗಾಟಕ್ಕೆ ಒಂದು ಸೆಕೆಂಡಿನ ಹತ್ತನೇ ಒಂದು ಪಾಲು ಅಷ್ಟೇ. ಬೆರಳಿನಿಂದ ಒತ್ತುವ ಗಡಿಯಾರಕ್ಕೆ ಅದು ದಕ್ಕದು. ಆದರೆ ಅದು ಕೈತಪ್ಪೋ ಹಿಮಾಲಯವೋ ಎಂದು ತಿಳಿಯುವುದು ಹೇಗೆ? ಅಳಿಸಿದ ಮೇಲೆ ಎರಡೂ ತಿಳಿಯುವುದಿಲ್ಲ.

ಅದಕ್ಕೆ ನನ್ನ ಅಭಿಪ್ರಾಯ ಇಷ್ಟು. ಶಾಲೆಯೊಳಗಿನ ಪ್ರಾತ್ಯಕ್ಷಿಕಕ್ಕೆ ಮಾರ್ಕ್ಸ್ ಕೊಡುವುದು ನಮ್ಮ ಕೈಯಲ್ಲೇ ಇದೆ. ಉತ್ತರಕ್ಕೆ ಕೊಡುವುದು ಬಿಟ್ಟು ಅಳತೆಗೆ ಕೊಡೋಣ. ಪ್ರತಿ ಪ್ರಯೋಗದ ಕೊನೆಗೆ "ಉಳಿದ ವ್ಯತ್ಯಾಸ" ಎಂಬ ಒಂದು ಸಾಲು ಇರಲಿ. ನನ್ನ ಉತ್ತರ ಎಷ್ಟು, ಪುಸ್ತಕದ್ದು ಎಷ್ಟು, ನಡುವೆ ಎಷ್ಟು, ಯಾಕೆ ಇರಬಹುದು. ರಬ್ಬರ್ ತಿಕ್ಕಿದ್ದಕ್ಕೆ ಮಾರ್ಕ್ಸ್ ಕಡಿಮೆ, 9.58 ಬಂದದ್ದಕ್ಕೆ ಅಲ್ಲ. ನಮ್ಮ ತಾಲೂಕಿನ ಕನ್ನಡ ಶಾಲೆಗಳೆಲ್ಲ ಒಂದೇ ವಾರ ಈ ಪ್ರಯೋಗ ಮಾಡಿ, ತಿದ್ದದ ಅಂಕಿಗಳನ್ನು ಈ ಪತ್ರಿಕೆಗೆ ಕಳಿಸಿದರೆ ಎಷ್ಟು ಚೆಂದ! ಉಮದಿಯ ಅಂಕಿ, ಸಂಖದ ಅಂಕಿ, ಗುಡ್ಡಾಪುರದ ಅಂಕಿ ಒಂದೇ ಪುಟದಲ್ಲಿ ಬರಲಿ. ಯಾರದು ಎಷ್ಟು ಚೆದುರಿದೆ ಎಂದು ನೋಡುವುದರಲ್ಲೇ ಒಂದು ಪಾಠ ಇದೆ.

ಈಗ ಆ ಹುಡುಗಿಯ 9.58. ಅವಳನ್ನು ಕೂಡಿಸಿಕೊಂಡು ಮತ್ತೆ ನೋಡಿದೆ. 50 ತೂಗಾಟಕ್ಕೆ 100.5 ಸೆಕೆಂಡ್, ಸರಿಯಾಗಿಯೇ ಇತ್ತು. ದಾರ 98 ಸೆಂಟಿಮೀಟರ್, ಅದೂ ಸರಿ. "ಎಲ್ಲಿವರೆಗೆ ಅಳೆದಿ?" ಅಂದೆ. "ಗಂಟಿನ ತನಕರಿ." ಅಲ್ಲಿ ಸಿಕ್ಕಿತು. ಕಲ್ಲು ದುಂಡಗಿತ್ತು, ಅದರ ನಡುಮಧ್ಯ ಗಂಟಿನಿಂದ 2 ಸೆಂಟಿಮೀಟರ್ ಕೆಳಗಿತ್ತು. ಲೋಲಕದ ಉದ್ದವನ್ನು ಅಲ್ಲಿಯವರೆಗೆ ಅಳೆಯಬೇಕು. 98ರ ಬದಲು 100 ಹಾಕಿ ಲೆಕ್ಕ ಮಾಡಿದಳು. ಬಂದ ಉತ್ತರ 9.77.

ಪುಸ್ತಕದ 9.8ಕ್ಕಿಂತ ಅದು ನಮ್ಮ ಜತ್ತಕ್ಕೆ ಹತ್ತಿರ. ಅವಳು ತಿಕ್ಕಿದ ಜಾಗದ ಪಕ್ಕದಲ್ಲೇ 9.58 ಅಂತ ಮತ್ತೆ ಬರೆದು, ಅದರ ಕೆಳಗೆ 9.77 ಬರೆದು, ಕಾರಣ ಒಂದು ಸಾಲು ಬರೆದಳು. ನಾನು ಎರಡಕ್ಕೂ ಸಹಿ ಮಾಡಿದೆ.